ಕಾರು ಹೊರಡುವ ಮೊದಲು

"ಮೇಡಂ, ನಿಮ್ಮೋರು ಹೊರಡ್ತಾರಾ? ನನ್ನ ಬೈಕ್ ನಿಮ್ಮ ಕಾರಿನ ಹಿಂದೆ ಸಿಕ್ಕಿಹಾಕ್ಕೊಂಡಿದೆ."

ಯಶೋಧರಾ ತಿರುಗಿದಳು. ನಗುವ ಕಣ್ಣುಗಳ ಎತ್ತರದ ಹುಡುಗ. ಅವಳೆದೆ ಸುಮ್ಮನೆ ಒಮ್ಮೆ ಜಿಗಿಯಿತು.

"ಅಮ್ಮ ಇನ್ನೂ ಮೆಟ್ಟಿಲ ಮೇಲೇ ಇದ್ದಾರೆ. ಆಮೇಲೆ ಗೇಟು, ಆಮೇಲೆ ಕಾರಿನ ಕಿಟಕಿ... ಅರ್ಧ ಗಂಟೆ ಆಗುತ್ತೆ."

"ಹಂಗಾದ್ರೆ ಇಲ್ಲೇ ನಿಂತಿರ್ತೀನಿ."

ಅದು ಶಿವಮೊಗ್ಗದ ವಿದ್ಯಾನಗರದಲ್ಲಿ ಅವಳ ಅಕ್ಕನ ಮಗುವಿನ ನಾಮಕರಣದ ದಿನ. ಅವನು ಭಾವನ ಚಿಕ್ಕಪ್ಪನ ಮಗ ದುಶ್ಯಂತ್. ಸಕ್ರೆಬೈಲಿನ ಆನೆ ಬಿಡಾರದಲ್ಲಿ ಪಶುವೈದ್ಯರ ಸಹಾಯಕ. ಅವಳು ಭದ್ರಾವತಿಯ ಶಾಲೆಯೊಂದರಲ್ಲಿ ಟೀಚರ್.

ಆಮೇಲೆ ಎರಡೂ ಮನೆಯವರು ಸೇರಿದಾಗಲೆಲ್ಲ ಅವರಿಬ್ಬರಿಗೆ ಸಿಗುತ್ತಿದ್ದದ್ದು ಹೊರಡುವ ಹೊತ್ತು ಮಾತ್ರ. ಹಿರಿಯರು 'ಬರ್ತೀವಿ' ಎಂದು ಹತ್ತು ಸಲ ಹೇಳಿಯೂ ಅಲ್ಲೇ ನಿಂತಿರುತ್ತಿದ್ದರು. ಅವನು ಮರಿಯಾನೆಗಳ ಚೇಷ್ಟೆ ಹೇಳುತ್ತಿದ್ದ. ಅವಳು ಮುಂದಿನ ಹಬ್ಬಕ್ಕೆ ದಿನ ಎಣಿಸುತ್ತಿದ್ದಳು.

ಆದರೆ ಯುಗಾದಿಯಂದು ಅವನು ಊಟ ಮುಗಿಸಿ, ಅವಳತ್ತ ನೋಡದೆಯೇ ಹೊರಟುಹೋದ.

'ನಾನೇನು ತಪ್ಪು ಮಾಡಿದೆ?' ಅವಳಿಗೆ ತಿಳಿಯಲೇ ಇಲ್ಲ.

ಇವತ್ತು ಅವಳ ತಂದೆ ಹುಲಿಯಪ್ಪನವರ ಅರವತ್ತು ತುಂಬಿದ ಸಮಾರಂಭ, ಭದ್ರಾವತಿಯ ಮನೆಯಲ್ಲೇ. ದುಶ್ಯಂತ್ ತಂದೆತಾಯಿಯನ್ನು ಕರೆತಂದಿದ್ದ. ಊಟವಾದ ಕೂಡಲೇ ಅವನ ತಾಯಿ ಪುಷ್ಪಾ ಎದ್ದು ಯಶೋಧರಾಳ ಅಮ್ಮನತ್ತ ತಿರುಗಿದರು.

"ಬರ್ತೀವಿ ಜಗದಾಂಬಕ್ಕ. ಐದು ಗಂಟೆಗೆ ತರೀಕೆರೇಲಿ ಇವನಿಗೆ ಹೆಣ್ಣು ನೋಡೋಕೆ ಹೋಗ್ಬೇಕು."

ಯಶೋಧರಾ ಕೈಯಲ್ಲಿದ್ದ ತಟ್ಟೆಯನ್ನು ಅಲ್ಲೇ ಇಟ್ಟಳು.

'ಇಲ್ಲ... ಕಾರು ಹೊರಡುವ ಮೊದಲು ಒಂದು ಮಾತು ಕೇಳಲೇಬೇಕು.'

"ಅತ್ತೆ, ಕುಂಕುಮ ತಗೊಳ್ದೆ ಹೋಗ್ತೀರಾ?" ಎಂದಳು.

ಕುಂಕುಮವಾಯಿತು. ಹೂವು ಹುಡುಕಲು ಹತ್ತು ನಿಮಿಷ ಹಿಡಿಯಿತು. ಮೆಟ್ಟಿಲಿಗೆ ಬಂದರೆ ಹೋಳಿಗೆ ಕಟ್ಟಿಕೊಡುತ್ತೇನೆಂದು ಒಳಗೆ ಓಡಿದಳು. ಗೇಟಿಗೆ ಬಂದರೆ ಹಿತ್ತಲಿನ ಕರಿಬೇವು ತಂದಳು. ಬೇರೆಯವರ ಮನೆಯಲ್ಲಿ 'ಬೇಗ ಹೊರಡಮ್ಮ' ಎಂದು ಗೊಣಗುವ ಮಗಳಿಗೆ ಇವತ್ತೇನಾಯಿತೆಂದು ಅಮ್ಮ ಬೆರಗಾದರು.

ಕೊನೆಗೂ ಹಿರಿಯರ ಮಾತು ಮೊಣಕಾಲು ನೋವಿನ ಕಡೆ ಹೊರಳಿತು. ಇನ್ನು ಕಾಲು ಗಂಟೆ ಖಂಡಿತ. ಅವಳು ಕಾರಿನ ಬಳಿಗೆ ನಡೆದಳು. ದುಶ್ಯಂತ್ ಸ್ಟೀರಿಂಗ್ ಹಿಡಿದು ಕುಳಿತಿದ್ದ.

"ಯುಗಾದಿಗೆ ಯಾಕೆ ಮಾತಾಡಿಸ್ದೆ ಹೋದ್ರಿ?"

ಅವನು ತಲೆಯೆತ್ತಲಿಲ್ಲ. "ಬ್ಯಾಂಕಿನ ಹುಡುಗನ ಜೊತೆ ನಿಮ್ಮ ಮದುವೆ ಹೆಚ್ಚುಕಮ್ಮಿ ಗೊತ್ತಾದಂಗೇ ಅಂತ ನಿಮ್ಮಮ್ಮ ಹೇಳಿದ್ರು. ದೂರ ಇರೋದೇ ಸರಿ ಅನ್ನಿಸ್ತು..."

"ಅವನನ್ನ ನಾನು ಬೇಡ ಅಂದೆ."

"ಯಾಕೆ?"

"ಅವನ ಹತ್ರ ಐದು ನಿಮಿಷಕ್ಕೇ ಮಾತು ಮುಗೀತು. ನಿಮ್ಮ ಹತ್ರ ಎಷ್ಟು ಹೊತ್ತು ಮಾತಾಡಿದ್ರೂ ಸಾಲಲ್ಲ."

ಅವನು ತಟ್ಟನೆ ತಲೆಯೆತ್ತಿದ. ಮರುಕ್ಷಣ ಕಾರಿನಿಂದ ಇಳಿದು ನೇರ ಗೇಟಿಗೆ ಹೋದ.

"ಅಮ್ಮ, ತರೀಕೆರೆಗೆ ಹೋಗೋದು ಬೇಡ. ನಾನೇ ಫೋನ್ ಮಾಡಿ ಕ್ಷಮೆ ಕೇಳ್ತೀನಿ."

"ಯಾಕೋ ಮಾರಾಯ, ಏನಾಯ್ತು?"

"ನಂಗೆ ಯಶೋಧರಾ ಇಷ್ಟ. ಅವ್ರ ಮನೆಯವ್ರು ಒಪ್ಪಿದ್ರೆ..."

ಹುಲಿಯಪ್ಪ ಮಗಳ ಮುಖ ನೋಡಿದರು. ಅವಳು ಕೆಂಪಾಗಿ, ಹೌದೆಂದು ತಲೆಯಾಡಿಸಿದಳು.

"ಸರಿ, ಒಳಗೆ ಬನ್ನಿ," ಎಂದರು ಅವರು. "ಕಾಫಿ ಕುಡೀತಾ ಮಾತಾಡೋಣ."

ಹಿರಿಯರು ಮತ್ತೆ ಮೆಟ್ಟಿಲು ಹತ್ತಿದರು. ಅವರಿಬ್ಬರು ಗೇಟಿನಲ್ಲೇ ಉಳಿದರು.

"ನಿಮ್ಮ ಕೈ ಯಾಕೆ ನಡುಗ್ತಿದೆ?" ಎಂದಳು ಅವಳು.

"ಅಪ್ಪನ ಮುಂದೆ ಹಿಂಗೆ ಯಾವತ್ತೂ ಮಾತಾಡಿರ್ಲಿಲ್ಲ."

ಅವಳು ಮೆಲ್ಲನೆ ಅವನ ಬೆರಳು ಹಿಡಿದಳು.

"ಈಗ?"

"ಹಿಡ್ಕೊಂಡಿರು... ನಿಲ್ಲುತ್ತೆ."