ಕೆಂಪನ್ನದ ಮೇಲಿನ ಕರಿ ಎಳ್ಳು

"ಒಡೆದ ಕಾಳನ್ನೆಲ್ಲ ಆರಿಸಿ ತೆಗೀರಿ ಮೇಡಂ. ಶುಭದ ಅನ್ನ ಇದು. ಒಂದು ಕಾಳೂ ಒಡೀಬಾರ್ದು."

ಅಡುಗೆ ಪಾಠದ ಮೊದಲ ದಿನವೇ ಮನೋಹರನಿಂದ ಹೀಗೆ ಹೇಳಿಸಿಕೊಂಡ ಸ್ನೇಹಲತಾಳ ಮುಖ ಬಿಸಿಯಾಯಿತು. ಹರದನಹಳ್ಳಿಯಲ್ಲಿ ಚೀಲಗಟ್ಟಲೆ ಅಲಸಂದೆ ಬೆಳೆಯುವ ಮನೆಯವಳಿಗೆ ಅಲಸಂದೆ ಬೇಯಿಸುವುದನ್ನು ಇವನು ಹೇಳಿಕೊಡಬೇಕೇ?

"ಒಡೆದ್ರೆ ಏನಾಗುತ್ತೆ?"

"ಹೊಟ್ಟೆ ಸೀಳ್ಕೊಂಡಂಗೆ ಕಾಣುತ್ತೆ ಅಂತ ಜಪಾನಿನ ಹಳೇ ಕಾಲದ ಸೈನಿಕರು ಹೆದರ್ತಿದ್ರಂತೆ. ಅದಕ್ಕೇ ಸಿಪ್ಪೆ ಗಟ್ಟಿ ಇರೋ ಅಲಸಂದೆ ಹುಡುಕ್ಕೊಂಡ್ರು."

ಅವನು ನಗಲಿಲ್ಲ. ಅವಳ ಪಾತ್ರೆಯ ಮುಂದೆ ಕುಳಿತು ತಾನೂ ಕಾಳು ಆರಿಸತೊಡಗಿದ. ಅವಳ ಸಿಟ್ಟು ಅಲ್ಲಿಗೇ ಇಳಿಯಿತು.

ಮನೋಹರ ಜಪಾನಿನ ಹೋಟೆಲೊಂದರ ಅಡುಗೆಮನೆಯಲ್ಲಿ ಆರು ವರ್ಷ ದುಡಿದು ಹೊಳೆನರಸೀಪುರಕ್ಕೆ ಮರಳಿದ್ದ. ಹಾಸನದ ಕಂಪನಿಯೊಂದರ ಗೆಸ್ಟ್ ಹೌಸಿಗೆ ಜಪಾನಿನ ಅತಿಥಿಗಳು ಬರುತ್ತಿದ್ದರು. ಅಲ್ಲಿ ಅಡುಗೆ ಕೆಲಸ ಹಿಡಿಯಬೇಕೆನ್ನುವ ಐದು ಜನರಿಗೆ ಭಾನುವಾರ ಅವನ ಮನೆಯಲ್ಲೇ ಪಾಠ. ನಡುಮನೆಯಲ್ಲಿ ಬುದ್ಧನ ಪಟ, ಒಲೆಯ ಪಕ್ಕದಲ್ಲಿ ಅವನ ತಾಯಿ ಮುದ್ದಮ್ಮ.

ಕಾಳು ಬೆಂದ ಕೆಂಪು ನೀರಲ್ಲಿ ಜಿಗುಟಾದ ಅಂಟಕ್ಕಿ ನೆನೆಸಿ, ಹಬೆಯಲ್ಲಿ ಬೇಯಿಸಿ, ಜಪಾನಿನವರ ಶುಭದ ಕೆಂಪನ್ನ ಮಾಡುವುದನ್ನು ಅವಳು ಕಲಿತಳು. ಅದರ ಜೊತೆಗೆ ಬೇರೊಂದೂ ಶುರುವಾಯಿತು. ಒಲೆ ಹಚ್ಚಿದರೆ ಹೊಗೆ ಕಾಣದಿರುತ್ತದೆಯೇ… ಮುದ್ದಮ್ಮನ ಕಣ್ಣಿಗಂತೂ ಬಿತ್ತು.

ಆದರೆ ಅವಳು ಜಮೀನ್ದಾರರ ಮನೆಯ ಹುಡುಗಿ. ಅವಳ ಊರಿನಲ್ಲಿ ಅವನ ಜನ ಇವತ್ತಿಗೂ ಜಗಲಿ ಹತ್ತುತ್ತಿರಲಿಲ್ಲ. ಇದು ಇಬ್ಬರಿಗೂ ಗೊತ್ತಿತ್ತು.

ಒಂದು ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಅವಳೇ ಬಾಯಿ ಬಿಟ್ಟಳು.

"ಅಪ್ಪನ ವರ್ಷದ ತಿಥಿ ಮುಗೀತು. ಈಗ ಮನೆಗೆ ಚಿಕ್ಕಪ್ಪಾನೇ ಹಿರೀಕರು. ನಮ್ಮ ಮದುವೆ ವಿಷಯ ಅವರ ಹತ್ರ ನಾನು ಮಾತಾಡ್ತೀನಿ. ನೀವು ಹೂಂ ಅನ್ನಿ ಸಾಕು."

"ಅವ್ವನ್ನ ಕೇಳ್ಬೇಕು. ಮುಂದಿನ ಭಾನುವಾರ ಹೇಳ್ತೀನಿ."

ಆ ಭಾನುವಾರ ತನ್ನ ತಾಯಿಗೆ ಜ್ವರವಿದ್ದುದರಿಂದ ಸ್ನೇಹಲತಾಳಿಗೆ ಪಾಠಕ್ಕೆ ಹೋಗಲಾಗಲಿಲ್ಲ. ಸಂಜೆ ಪಾಠದ ಜೊತೆಗಾತಿ ಭಾನುಪ್ರಿಯಾ ಸ್ಟೀಲ್ ಡಬ್ಬಿಯೊಂದನ್ನು ತಂದುಕೊಟ್ಟಳು. "ಮನೋಹರಣ್ಣ ಕಳಿಸಿದ್ರು. ನೀವು ಕೇಳಿದ್ದಕ್ಕೆ ಇದೇ ಉತ್ತರ ಅಂತೆ."

ಅವಳು ಮುಚ್ಚಳ ತೆರೆದಳು. ಕೆಂಪನ್ನ. ಅದರ ಮೇಲೆ… ಕರಿ ಎಳ್ಳು.

ತಿಂಗಳ ಹಿಂದೆ ಹೇಮಾವತಿಯ ದಡದಲ್ಲಿ ಅಪ್ಪನ ಹೆಸರು ಹೇಳಿ ಚಿಕ್ಕಪ್ಪ ಕೃಷ್ಣಪ್ಪ ಅನ್ನದ ಮೇಲೆ ಉದುರಿಸಿದ್ದೂ ಇದೇ ಎಳ್ಳು. ಅವಳು ಡಬ್ಬಿಯ ಮುಚ್ಚಳ ಮತ್ತೆ ಹಾಕಿಬಿಟ್ಟಳು.

'ನನಗೇ ಎಳ್ಳುನೀರು ಬಿಟ್ಟರಾ… ಬೇಡ ಅಂತ ಬಾಯಲ್ಲಿ ಹೇಳಿದ್ದರೆ ಆಗುತ್ತಿರಲಿಲ್ಲವೇ?'

ಅವನು ಹತ್ತಾರು ಸಲ ಫೋನ್ ಮಾಡಿದ. ಅವಳು ಎತ್ತಲಿಲ್ಲ. ಅವಳ ಮನೆಯವರು ಒಪ್ಪಿರಲಿಕ್ಕಿಲ್ಲ ಎಂದುಕೊಂಡು ಅವನೂ ಸುಮ್ಮನಾದ. ಹೀಗೆ ಮೂರು ಭಾನುವಾರ ಕಳೆದವು.

ನಾಲ್ಕನೆಯ ಭಾನುವಾರ ಅವಳು ಡಬ್ಬಿ ತೊಳೆದು ಹಿಂದಿರುಗಿಸಲು ಬಂದಳು. ಪಾಠಕ್ಕೆ ಇನ್ನೂ ಯಾರೂ ಬಂದಿರಲಿಲ್ಲ. ಒಲೆಯ ಮೇಲೆ ಅಂಟಕ್ಕಿ ಹಬೆಯಾಡುತ್ತಿತ್ತು. ಮುದ್ದಮ್ಮ ಡಬ್ಬಿಯನ್ನು ಅಲುಗಿಸಿ ನೋಡಿದಳು.

"ಬರೀ ಡಬ್ಬಿ ತಂದ್ಯೇನವ್ವ? ಒಂದು ಚೂರು ಬೆಲ್ಲನಾದ್ರೂ ಆಕ್ಬಾರ್ದಿತ್ತಾ?"

"ತಿಥಿ ಅನ್ನ ಬಂದ ಡಬ್ಬಿಗೆ ಬೆಲ್ಲ ಹಾಕ್ತಾರೇನಮ್ಮ?"

ಒಳಗಿನಿಂದ ಬಂದ ಮನೋಹರ ಅಲ್ಲೇ ನಿಂತ.

"ತಿಥಿ ಅನ್ನವಾ? ನಾನು ಕಳಿಸಿದ್ದು ಒಪ್ಪಿಗೆ."

"ಕರಿ ಎಳ್ಳು ಹಾಕಿ?"

"ಜಪಾನಲ್ಲಿ ಶುಭಕ್ಕೆ ಹಾಗೇ ಹಾಕೋದು. ಅನ್ನ ಮಾಡೋದಷ್ಟೇ ಕಲಿಸಿದ್ದೆ, ಎಳ್ಳು ಹಾಕೋದು ಅವತ್ತಿನ ಪಾಠ… ನೀವು ಬರ್ಲಿಲ್ಲ."

ಮುದ್ದಮ್ಮ ಹಣೆಗೆ ಕೈಯಿಟ್ಟುಕೊಂಡಳು. "ಇವ್ನಿಗೇನು ಗೊತ್ತವ್ವ. ನಮ್ಮಾವ ಬೈರಯ್ಯ ಬುದ್ಧನ ದಾರಿ ಇಡ್ದಾಗ್ಲೇ ಈ ಮನೇಲಿ ತಿಥಿ ನಿಂತೋಯ್ತು. ಎಳ್ಳು ಬಿಡೋದ ಇವ್ನು ಕಣ್ಣಲ್ಲೂ ಕಂಡಿಲ್ಲ ಕಣವ್ವ. ನಾನಾದ್ರೂ ನೋಡ್ಬೇಕಿತ್ತು."

ಸ್ನೇಹಲತಾ ಗೋಡೆಗೊರಗಿ ಕುಳಿತು ಅತ್ತಳು. ಇಷ್ಟು ದಿನ ತಡೆದಿದ್ದ ಅಳು ಅದು. ಮುದ್ದಮ್ಮ ನೀರು ತರುವ ನೆಪದಲ್ಲಿ ಹಿತ್ತಲಿಗೆ ಹೋದಳು.

ಅವನು ಎದುರಿಗೆ ಕುಳಿತು ಮೆಲ್ಲಗೆ ಕೇಳಿದ.

"ಆ ಅನ್ನ ಏನು ಮಾಡಿದ್ರಿ?"

"ಹೊಳೆಗೆ ಬಿಟ್ಟೆ…"

"ನನ್ನ ಒಪ್ಪಿಗೆ ಮೀನಿನ ಪಾಲಾಯ್ತು, ಹಾಗಾದ್ರೆ."

ಅಳುವಿನ ನಡುವೆಯೇ ಅವಳಿಗೆ ನಗು ಬಂತು. ಸೆರಗಿನಿಂದ ಕಣ್ಣೊರೆಸಿಕೊಂಡು ಡಬ್ಬಿ ಮುಂದಿಟ್ಟಳು.

"ಇನ್ನೊಂದು ಸಲ ತುಂಬಿಸಿಕೊಡಿ."

ಅವನು ಬಿಸಿಯನ್ನ ತುಂಬಿಸಿದ. ಎಳ್ಳಿನ ಬಟ್ಟಲಿನ ಹತ್ತಿರ ಅವನ ಕೈ ನಿಂತಿತು.

"ಬಿಳಿ ಎಳ್ಳು ಹಾಕ್ಲಾ?"

"ಬೇಡ, ಕರೀದೇ ಹಾಕಿ. ಇದನ್ನ ಚಿಕ್ಕಪ್ಪನ ಮುಂದೆ ಇಡ್ತೀನಿ. ಅನ್ನದ ಮೇಲೆ ಯಾಕಮ್ಮ ಕರಿ ಎಳ್ಳು ಅಂತ ಅವರು ಕೇಳೇ ಕೇಳ್ತಾರೆ. ಆಗ ನಮ್ಮ ವಿಷಯ ಹೇಳ್ತೀನಿ."

"ಬೈದ್ರೆ?"

"ಬೈಸ್ಕೋತೀನಿ. ಆದ್ರೆ ಉತ್ತರ ಏನು ಅಂತ ಈ ಸಲ ಬಾಯಲ್ಲಿ ಹೇಳಿ. ಡಬ್ಬಿ ನಂಬಿ ಕೆಟ್ಟೆ."

ಅವನು ಎಳ್ಳು ಉದುರಿಸಿ ಮುಚ್ಚಳ ಹಾಕಿದ.

"ಹೂಂ… ಸ್ನೇಹಾ. ನಾನೂ ಬರ್ತೀನಿ, ಡಬ್ಬಿ ನಾನೇ ಹಿಡ್ಕೋತೀನಿ."

"ಜಗಲಿ ಹತ್ತಬೇಕಾಗುತ್ತೆ."

"ಹತ್ತೋಣ. ನೀನು ಪಕ್ಕದಲ್ಲಿರು."