ಪರದೆಯ ಮೇಲೆ ಅಳಿದ ಅಂಚು

ನೂಲಿಗೆ ಹಚ್ಚುವ ಗಂಜಿಯ ಹುಳಿ ವಾಸನೆ... ಬೆಟಗೇರಿಯ ನೇಕಾರರ ಮನೆಯ ನೀಲಗಂಗಾಳಿಗೆ ಅದು ಬಾಲ್ಯದ ವಾಸನೆ. ೧೯೮೭ರಲ್ಲಿ, ಗದಗಿನ ಕಂಪ್ಯೂಟರ್ ತರಗತಿಯ ಮೊದಲ ದಿನ, ಪಕ್ಕ ಬಂದು ನಿಂತವನ ಅಂಗಿಯಿಂದ ಅದೇ ವಾಸನೆ ಬಂದಾಗ ಅವಳು ತಟ್ಟನೆ ತಿರುಗಿ ನೋಡಿದ್ದಳು!

"ಸ್ವಲ್ಪ ಸರೀರಿ. ಬೆಂಚು ಪೂರಾ ನಿಮ್ಮ ಹೆಸರಿಗೆ ಐತೇನು?" ಎಂದಿದ್ದ ಶಿರಹಟ್ಟಿಯ ವಿರೂಪಾಕ್ಷ.

"ಗಂಜಿ ಅಂಗಿ ಮುದುಡೀತು ಅಂತ ಅಂಜಿಕಿ ಏನ್ರಿ?" ಎಂದು ಅವಳೂ ತಿರುಗಿಸಿ ಕೇಳಿದ್ದಳು.

ಆರು ತಿಂಗಳಲ್ಲಿ 'ರಿ' ಹೋಗಿ 'ನೀ' ಬಂತು. ಮನಸ್ಸಿನ ಮಾತು ಮಾತ್ರ ಮನಸ್ಸಿನಲ್ಲೇ ಉಳಿಯಿತು.

ಇಂದು ಮಧ್ಯಾಹ್ನ ಪರೀಕ್ಷೆ; ತಾವೇ ಬರೆದ ಪ್ರೋಗ್ರಾಂ ನಡೆಸಿ ತೋರಿಸಬೇಕು. ಗೆದ್ದ ಒಬ್ಬರಿಗೆ ಅಲ್ಲೇ ಕಲಿಸುವ ಕೆಲಸ. "ಸಿಗಲಿಲ್ಲ ಅಂದ್ರ ಸುಮ್ಮನ ಮನ್ಯಾಗ ಕುಂಡ್ರು" ಎಂದು ಅಣ್ಣ ಕಡ್ಡಿ ಮುರಿದಂತೆ ಹೇಳಿದ್ದ.

ಬೆಳಗಿನಿಂದ ಅವಳು ಸೀರೆಯ ಅಂಚು ಬಿಡಿಸುವ ಪ್ರೋಗ್ರಾಂ ಟೈಪ್ ಮಾಡಿದ್ದಳು. ಅದಕ್ಕೆ ಬೇಕಾದ ಗೆರೆ, ಬಣ್ಣಗಳ ಸಿದ್ಧ ಪ್ರೋಗ್ರಾಂ ತುಣುಕುಗಳು ವಿರೂಪಾಕ್ಷ ಕೊಟ್ಟ ಟೇಪ್ ಕ್ಯಾಸೆಟ್ಟಿನಲ್ಲಿದ್ದವು. ಅವನು ಚೀಟಿಯಲ್ಲಿ ಬರೆದಂತೆ 'ಲೋಡ್' ಎಂದು ಒತ್ತಿದಳು. ಕ್ಯಾಸೆಟ್ ಕೀರಲು ದನಿ ತೆಗೆದು ನಿಂತಿತು. ತುಣುಕುಗಳೇನೋ ಬಂದವು...

ಅವಳ ಪ್ರೋಗ್ರಾಂ? ಒಂದು ಸಾಲೂ ಇರಲಿಲ್ಲ! ಬೇರೆಡೆ ನಕಲೂ ಇರಲಿಲ್ಲ.

'ಹೊಸದು ಬಂದು ಹಳೆಯದನ್ನೆಲ್ಲ ಅಳಿಸಿತು. ಇವನಿಗೆ ಗೊತ್ತಿರಲಿಲ್ಲವೇ? ಇವನೂ ಇದೇ ಕೆಲಸಕ್ಕೆ ನಿಂತವನಲ್ಲವೇ...'

"ಕೇಳಿದ್ರ ನಾನ ಬಿಟ್ಟು ಕೊಡ್ತಿದ್ದೆ, ವಿರೂಪಾಕ್ಷ. ಹಿಂಗ್ಯಾಕ ಮಾಡ್ದಿ?"

ಪಕ್ಕದಲ್ಲಿದ್ದ ಅವನು ಬಿಳಿಚಿಕೊಂಡು ಬಾಯಿ ತೆರೆಯುವ ಮೊದಲೇ ಅವಳು ಹೊರನಡೆದಳು.

ಮೆಟ್ಟಿಲ ಮೇಲೆ ಕುಳಿತು ಅತ್ತಳು. ಕೆಲಸ ಹೋಯಿತು, ಅವನೂ ಹೋದ. ಕಸ ಗುಡಿಸುವ ಹಾಜಿರಾಬಿ ಅವಳನ್ನು ನೋಡಿದಳು. ಒಳಗಿನವರಿಗೆ ಅವಳ ಅಳು ಕಾಣದಂತೆ ಬಾಗಿಲು ಮುಂದೆ ಮಾಡಿ ಹೋದಳು.

ಸಂಜೆ ವಿರೂಪಾಕ್ಷ ಬಂದು ಎರಡು ಮೆಟ್ಟಿಲು ಕೆಳಗೆ ಕುಳಿತ.

"ಕೆಲಸ ನಮ್ಮ ಕ್ಲಾಸಿನ ಮುಂಡರಗಿ ಹುಡುಗಗ ಆತು."

"ಮತ್ತ ನೀ?"

"ನಾ ಪರೀಕ್ಷಾಕ್ಕ ಕುಂಡ್ರಲಿಲ್ಲ. ತಪ್ಪು ನಂದು, ಆಕಿಗೆ ಇನ್ನೊಂದು ದಿನ ಕೊಡ್ರಿ ಅಂತ ಸರ್‌ಗೆ ಕೈ ಮುಗದೆ. ಕೇಳಲಿಲ್ಲ."

ಅವಳು ತಲೆ ಎತ್ತಿದಳು.

"ನಾ ಯಾವಾಗಲೂ ಮೊದಲಿಗೆ ಖಾಲಿ ಮಷೀನಿಗೆ ಕ್ಯಾಸೆಟ್ ಹಾಕ್ತೀನಿ, ಆಮ್ಯಾಲ ಟೈಪ್ ಮಾಡ್ತೀನಿ. ನೀ ಮೊದಲ ಟೈಪ್ ಮಾಡ್ತಿ. ನಿನಗ 'ಮರ್ಜ್' ಅಂತ ಬರದು ಕೊಡಬೇಕಿತ್ತು, ಹಳೇದು ಉಳದು ಹೊಸದು ಕೂಡತಿತ್ತು... ಆರು ತಿಂಗಳು ನಿನ್ನ ಬಾಜೂಕ ಕುಂತು ನಿನ್ನ ಮುಖ ನೋಡಿದೆ, ನೀಲಾ. ಕೈ ನೋಡಲಿಲ್ಲ."

'ಅಯ್ಯೋ, ಇವನಿಗೆ ಏನೆಂದುಬಿಟ್ಟೆ...'

"ನಾಳಿಂದ ಅಣ್ಣ ನನ್ನ ಹೊರಗ ಬಿಡಂಗಿಲ್ಲ" ಎಂದಳು.

"ಹಂಗಾರ ನಾನ ಬರ್ತೀನಿ. ನಮ್ಮವ್ವನ್ನ ಕರಕೊಂಡು, ನಿಮ್ಮಣ್ಣನ ಮುಂದ. ಬರಲೇನು?"

"ಕೆಲಸ ಇಲ್ಲ. ಏನಂತ ಹೇಳ್ತಿ?"

"ಖರೇನ ಹೇಳ್ತೀನಿ. ಇಬ್ಬರಿಗೂ ಇಲ್ಲ ಅಂತ."

ಅಳುವಿನ ನಡುವೆಯೇ ಅವಳಿಗೆ ನಗು ಬಂತು. "ಬಾ..."

ಅವನು ಬೆಳಗಿನಿಂದ ಮುಟ್ಟದ ತನ್ನ ರೊಟ್ಟಿಯ ಗಂಟನ್ನು ಬಿಚ್ಚಿ ಅವಳ ಕೈಗೆ ಕೊಟ್ಟ.