ಥಿಯೇಟರ್ ಬಾಗಿಲು ದಾಟಿದ್ದೆಲ್ಲ ಆಪರೇಷನ್

ಲಾರಿ ಡ್ರೈವರ್ ಠಾಣೆಯಲ್ಲಿ ನನ್ನೆದುರೇ ಅಂಗಿ ಎತ್ತಿದ. ಹೊಟ್ಟೆಯ ಮೇಲೆ ಉದ್ದದ ಗಾಯದ ಗುರುತು.

“ಇದೇ ಜಾಗ ಎರಡು ಸಲ ಕೊಯ್ದಿದ್ದಾರಂತೆ ಸಾರ್! ಎರಡನೇ ಸಲ ಬರೀ ಡ್ರೆಸ್ಸಿಂಗ್ ಅಂದಿದ್ರು. ಮಂಪರಲ್ಲಿದ್ದೆ, ಏನು ಮಾಡಿದ್ರೋ ದೇವರೇ ಬಲ್ಲ.”

ಪೇಪರ್ ಓದಿ ಓಡಿ ಬಂದಿದ್ದ ಆಸಾಮಿ. ಆಸ್ಪತ್ರೆಯ ಸರ್ಜರಿ ಪ್ರೊಫೆಸರ್ ಬಿಲ್ಲುಗಳನ್ನೆಲ್ಲ ಜಾಲಾಡಿ ಮಾಡಿದ್ದ ಸಂಶೋಧನೆ ಅದರಲ್ಲಿ ಬಂದಿತ್ತು. ಅತಿ ಹೆಚ್ಚು ಮರು ಆಪರೇಷನ್, ಅವರದೇ ವಿಭಾಗದಲ್ಲಿ ಎಡಗೈಯಲ್ಲಿ ಕತ್ತರಿ ಹಿಡಿಯುವ ಡಾಕ್ಟರಮ್ಮನ ರೋಗಿಗಳಿಗೆ. ಆಸ್ಪತ್ರೆಯವರು ಆಕೆಯನ್ನು ಆಗಲೇ ಕೆಲಸದಿಂದ ಮನೆಗೆ ಕಳಿಸಿದ್ದರು. ಕೇಸು ಸಾಬೀತಾದರೆ ಆಕೆಗೆ ಸಿಗಬಹುದಿದ್ದ ವಿಭಾಗದ ಮುಖ್ಯಸ್ಥರ ಕುರ್ಚಿ ಹಾಗಿರಲಿ, ಮತ್ತೆಂದೂ ಆಪರೇಷನ್ ಮಾಡುವಂತಿರಲಿಲ್ಲ.

* * *

“ಡ್ರೆಸ್ಸಿಂಗೇ ಮಾಡಿದ್ದು ಸಾರ್,” ಅಂದರು ಡಾಕ್ಟರಮ್ಮ. “ದೊಡ್ಡ ಗಾಯ ವಾರ್ಡಲ್ಲಿ ಬಿಚ್ಚಿದ್ರೆ ಜೀವ ಹೋದಂಗೆ ಕಿರುಚ್ತಾರೆ. ನಾನು ಥಿಯೇಟರಿಗೆ ಕರ್ಕೊಂಡು ಹೋಗಿ ಮಂಪರು ಕೊಡಿಸ್ತೀನಿ. ಬೇರೆಯವರು ಆ ಗೋಜಿಗೆ ಹೋಗಲ್ಲ.”

“ಬಿಲ್ಲು ಆಪರೇಷನ್ ಅನ್ನುತ್ತಲ್ಲ?”

“ಬಿಲ್ಲು ನಾನು ಬರೀತೀನಾ?”

ಕಣ್ಣು ತುಂಬಿತ್ತು. ಕಳ್ಳರ ಕಣ್ಣೂ ತುಂಬುತ್ತೆ. ಯಾರನ್ನು ನಂಬೋದು?

ಬಿಲ್ಲಿನ ಗುಮಾಸ್ತನ ಕೊರಳಪಟ್ಟಿಗೆ ಕೈ ಹಾಕಿದೆ.

“ದುಡ್ಡು ಹೊಡೆದ್ಯೇನೋ?”

“ಅಯ್ಯೋ, ನನ್ನಾಣೆ ಇಲ್ಲ ಸಾರ್! ಥಿಯೇಟರ್ ಬಾಗಿಲು ದಾಟಿದ್ದೆಲ್ಲ ಆಪರೇಷನ್ ಅಂತಲೇ ಹಾಕ್ತೀವಿ. ನಾನು ಸೇರೋಕೆ ಮುಂಚಿಂದ ಹಂಗೇ.”

ತಲೆ ಗಿರ್ರೆಂದಿತು. ಸುಳ್ಳಿದೆ, ಸುಳ್ಳು ಹೇಳಿದವರೇ ಇಲ್ಲ! ಇದೆಂಥಾ ಕರ್ಮದ ಕೇಸಪ್ಪಾ.

* * *

“ಈ ರೂಢಿ ನನಗೆ ಗೊತ್ತೇ ಇರಲಿಲ್ಲ,” ಪ್ರೊಫೆಸರ್ ತಮ್ಮ ಮನೆಯ ಸೋಫಾದಲ್ಲಿ ಕೈಚೆಲ್ಲಿದರು. “ಬಿಲ್ಲು ಹೇಳಿದ್ದನ್ನು ಎಣಿಸಿದೆ. ಪಾಪ, ತಪ್ಪಾಯ್ತು.”

ಕೇಸು ಮುಗೀತು ಅಂತ ಎದ್ದೆ. ಅಷ್ಟರಲ್ಲಿ ಅವರ ತಾಯಿ ಕೋಲೂರಿಕೊಂಡು ಬಂದರು.

“ಆ ಎಡಗೈ ಹುಡುಗಿ ವಿಷಯಾನಾ? ನನ್ನ ಹೊಟ್ಟೆ ಆಪರೇಷನ್ ಮಾಡಿದ್ದೇ ಅವಳು ಕಣಪ್ಪಾ. ಇವನೇ ಹಟ ಹಿಡಿದು ಅವಳ ಹತ್ರ ಸೇರಿಸಿದ್ದು. ಡ್ರೆಸ್ಸಿಂಗೂ ಮಂಪರಲ್ಲೇ. ಬಂಗಾರದಂಥ ಕೈ.”

“ಅಮ್ಮಾ, ಒಳಗೆ ಹೋಗು.”

“ಬೇಡಮ್ಮಾ, ಕೂತ್ಕೊಳ್ಳಿ,” ಅಂದೆ.

ಗುಮಾಸ್ತನಿಗೆ ಫೋನ್ ಹಚ್ಚಿದೆ. ಅಮ್ಮನ ಹೆಸರಲ್ಲೂ ಎರಡು ಆಪರೇಷನ್ ಬಿಲ್ಲು. ಆಮೇಲೆ ಪ್ರೊಫೆಸರೇ ಠಾಣೆಗೆ ಕೊಟ್ಟಿದ್ದ ರೋಗಿಗಳ ಪಟ್ಟಿ ಬಿಚ್ಚಿದೆ. ಅಮ್ಮ ಅದರಲ್ಲಿಲ್ಲ.

“ಬಿಲ್ಲನ್ನೇ ನಂಬಿದ್ರೆ ಅಮ್ಮನೂ ಇಲ್ಲಿರಬೇಕಿತ್ತು ಸಾರ್. ಒಬ್ಬರನ್ನೇ ಯಾಕೆ ಬಿಟ್ರಿ? ಎರಡನೇದು ಆಪರೇಷನ್ ಅಲ್ಲ ಅಂತ ನಿಮಗೆ ಗೊತ್ತಿತ್ತು. ಪಟ್ಟೀಲಿದ್ರೆ ಯಾರಾದ್ರೂ ಬಂದು ಅಮ್ಮನ್ನೇ ಕೇಳಿಬಿಡ್ತಿದ್ರು. ಉಳಿದವರಿಗೂ ಡ್ರೆಸ್ಸಿಂಗೇ ಅಂತ ಗೊತ್ತಿದ್ದೂ ಆಪರೇಷನ್ ಅಂತ ಎಣಿಸಿದ್ರಿ. ವಿಭಾಗದ ಮುಖ್ಯಸ್ಥರ ಕುರ್ಚಿಗೆ ನಿಮಗೆ ಅಡ್ಡ ಇದ್ದಿದ್ದು ಆಕೆ ಒಬ್ಬರೇ, ಅಲ್ವಾ?”



ಅಮ್ಮ ಮಗನ ಮುಖವನ್ನೇ ನೋಡುತ್ತಿದ್ದರು.

“ನನ್ನದಾದ್ರೆ ಗಾಯ. ಉಳಿದವರದ್ದು ಬರೀ ಬಿಲ್ಲೇನೋ?”

ಆಮೇಲೆ ನನ್ನ ಕಡೆ ತಿರುಗಿದರು.

“ಆ ಪಟ್ಟೀಲಿ ನನ್ನ ಹೆಸರೂ ಬರ್ಕೊಳ್ಳಪ್ಪಾ. ಆ ಹುಡುಗಿ ಪರವಾಗಿ ಸಾಕ್ಷಿ ಹೇಳೋಕೆ ನಾನು ಬರ್ತೀನಿ.”